ಬುರುಜಿನ ನೆರಳಿನಲ್ಲಿ ಒಣಗಿದ ಸಂಡಿಗೆ

ಆ ಊರಿಗೊಂದು ಹೆಸರಿತ್ತು. ಊರಬಾಗಿಲ ಕಲ್ಲಿನ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಕೆತ್ತಿಯೂ ಇದ್ದರು. ಆದರೆ ಆ ಕಲ್ಲು ನಿಜಕ್ಕೂ ಅಲ್ಲಿದೆಯೋ ಅಥವಾ ತನ್ನೊಬ್ಬನ ಕಣ್ಣಿಗೆ ಮಾತ್ರ ಇದೆಯೋ ಎಂಬ ಅನುಮಾನ ಎಲ್ಲರಿಗೂ ಇದ್ದುದರಿಂದ ಯಾರೂ ಅದನ್ನು ಗಟ್ಟಿಯಾಗಿ ಓದುತ್ತಿರಲಿಲ್ಲ. ಓದದೆ ಓದದೆ ಹೆಸರು ಎಲ್ಲರ ಬಾಯಿಂದಲೂ ಜಾರಿಹೋಯಿತು. ನಾವೂ ಅದನ್ನು ಊರು ಎಂದೇ ಕರೆಯೋಣ.

ಊರಿನ ನಡುವೆ ಒಂದು ಬುರುಜು. ಎಷ್ಟು ಎತ್ತರವೆಂದರೆ ಅದರ ತುದಿ ನೋಡಲು ಹೋದವರ ಕತ್ತು ಮೂರು ದಿನ ನೋಯುತ್ತಿತ್ತು. ಅದರ ನಾಲ್ಕು ಮೈಗೂ ಹಗಲಲ್ಲೂ ಬೆಳಗುವ ತೆರೆಗಳು. ಪ್ರತಿದಿನ ಬೆಳಿಗ್ಗೆ ಆ ತೆರೆಗಳ ಮೇಲೆ ಒಂದು ದೊಡ್ಡ ಕಣ್ಣು ಮೂಡುತ್ತಿತ್ತು. ಒಮ್ಮೆ ಮುಚ್ಚುತ್ತಿತ್ತು, ಒಮ್ಮೆ ತೆರೆಯುತ್ತಿತ್ತು. ಆಮೇಲೆ ಗಂಡಸಿನದೂ ಅಲ್ಲದ, ಹೆಂಗಸಿನದೂ ಅಲ್ಲದ ಒಂದು ದನಿ ಊರಿಗೆಲ್ಲ ಕೇಳುವಂತೆ ಹೇಳುತ್ತಿತ್ತು: ‘ಆಟ ನಡೆಯುತ್ತಿದೆ. ನಿಮ್ಮ ಕಣ್ಣಿನಲ್ಲಿ ಒಂದು ಹೆಚ್ಚಿದೆ. ಹುಡುಕಿ.’

ಆಟವೆಂದರೆ ಇಷ್ಟೇ. ಹದಿನಾರು ತುಂಬಿದ ದಿನ ಪ್ರತಿಯೊಬ್ಬರನ್ನೂ ಬುರುಜಿನ ಎದುರಿಗಿದ್ದ ಕಣ್ಮನೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಹನಿಗಾರನು ಎರಡೂ ಕಣ್ಣಿಗೆ ಒಂದೊಂದು ಹನಿ ಬಿಡುತ್ತಿದ್ದ. ಅಂದಿನಿಂದ ಆ ಮನುಷ್ಯನಿಗೆ ಜಗತ್ತಿನಲ್ಲಿ ಇರುವುದೆಲ್ಲ ಕಾಣಿಸುತ್ತಿತ್ತು, ಜೊತೆಗೆ ಇಲ್ಲದ್ದು ಒಂದು ಕಾಣಿಸುತ್ತಿತ್ತು. ಒಂದೇ ಒಂದು, ಎರಡಲ್ಲ. ಅದು ಮರವಾಗಿರಬಹುದು, ಮೆಟ್ಟಿಲಾಗಿರಬಹುದು, ದಿನಾ ಹಾಲು ಕರೆಯುವ ಹಸುವಾಗಿರಬಹುದು, ಪಕ್ಕದಲ್ಲಿ ಮಲಗುವ ಮನುಷ್ಯನೂ ಆಗಿರಬಹುದು. ಮುಟ್ಟಿದರೆ ಕೈಗೆ ಸಿಗುತ್ತದೆ, ಕರೆದರೆ ಓ ಎನ್ನುತ್ತದೆ, ಆದರೆ ಅದು ಇಲ್ಲ. ಅದನ್ನು ಹೆಚ್ಚಿನದು ಎಂದು ಕರೆಯುತ್ತಿದ್ದರು.

ಐವತ್ತು ತುಂಬುವ ದಿನ ಪ್ರತಿಯೊಬ್ಬರೂ ಕಣ್ಮನೆಯ ಮುಂದೆ ಊರವರ ಎದುರು ನಿಂತು ತಮ್ಮ ಹೆಚ್ಚಿನದರ ಕಡೆಗೆ ಬೆರಳು ತೋರಬೇಕು. ಬೆರಳು ಒಂದೇ ಸಲ. ಸರಿಯಾದರೆ ಬುರುಜಿನಲ್ಲಿ ಗಂಟೆ ಒಂದು ಸಲ ಬಾರಿಸುತ್ತದೆ, ಹೆಚ್ಚಿನದು ಮಾಯವಾಗುತ್ತದೆ, ಗೆದ್ದವರಿಗೆ ಹಾರ ಹಾಕಿ ಊರಬಾಗಿಲಿನಿಂದ ಆಚೆ ಕಳಿಸುತ್ತಾರೆ. ತಪ್ಪಾದರೆ ಗಂಟೆ ಎರಡು ಸಲ. ಆಗ ಹನಿಗಾರ ಮುಚ್ಚುವ ಹನಿ ಬಿಡುತ್ತಾನೆ. ಯಾವುದರ ಕಡೆ ಬೆರಳು ತೋರಿದರೋ ಅದು ನಿಜವಾಗಿದ್ದರೂ ಅವರ ಪಾಲಿಗೆ ಇನ್ನು ಇಲ್ಲ. ಕಣ್ಣಿಗೂ ಇಲ್ಲ, ಕಿವಿಗೂ ಇಲ್ಲ, ಕೈಗೂ ಇಲ್ಲ. ಗಂಟೆಯ ಸದ್ದು ಹನಿಗಾರನ ಕಿವಿಗೆ ಮಾತ್ರ ಕೇಳಿಸುವುದು ಎಂಬುದನ್ನೂ ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ಕಷ್ಟ.

ಒಬ್ಬರನ್ನೊಬ್ಬರು ಕೇಳಿದ್ದರೆ ಒಂದು ಮಧ್ಯಾಹ್ನದೊಳಗೆ ಆಟ ಮುಗಿಯುತ್ತಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಅದಕ್ಕೇ ಕೇಳಬಾರದೆಂದು ಕಟ್ಟಳೆಯಿತ್ತು. ಕಂಡದ್ದನ್ನು ಹೇಳಬಾರದು, ನಿನಗೇನು ಕಾಣುತ್ತದೆ ಎಂದು ಕೇಳಬಾರದು. ತಪ್ಪಿದರೆ ಇಬ್ಬರಿಗೂ ಇನ್ನೊಂದೊಂದು ಹನಿ. ಹೀಗಾಗಿ ಆ ಊರಿನಲ್ಲಿ ಮೋಡ ಕಟ್ಟಿದರೆ ಯಾರೂ ಮೋಡ ಎನ್ನುತ್ತಿರಲಿಲ್ಲ, ‘ಬಟ್ಟೆ ಒಳಗೆ ತರೋಣ’ ಎನ್ನುತ್ತಿದ್ದರು. ಹೆಣ್ಣು ನೋಡಲು ಬಂದ ಗಂಡು ‘ದನಿ ಚೆನ್ನಾಗಿದೆ’ ಎಂದು ಹೇಳಿ ಎದ್ದು ಹೋಗುತ್ತಿದ್ದ. ಎಷ್ಟೋ ಚೆಲುವೆಯರು ತಾವು ಚೆಲುವೆಯರೆಂದು ಒಮ್ಮೆಯೂ ಕೇಳಿಸಿಕೊಳ್ಳದೆ ಮುದುಕಿಯರಾದರು.

ಬುರುಜಿನ ಬಗ್ಗೆ ಮಾತ್ರ ಎಲ್ಲರೂ ಬಾಯಿ ತುಂಬಾ ಮಾತಾಡಬಹುದಾಗಿತ್ತು. ಬುರುಜು ಇವತ್ತು ಹೊಳೆಯಿತು, ಬುರುಜಿನ ನೆರಳು ಕೇರಿಗೆ ಬಂತು, ಬುರುಜಿನ ಕಣ್ಣು ಕೆಂಪಾಗಿತ್ತು. ಇಡೀ ಊರಿಗೆ ಹಂಚಿಕೊಳ್ಳಲು ಇದ್ದ ನೋಟ ಅದೊಂದೇ. ಅದಕ್ಕೇ ಎಲ್ಲದರ ಮೇಲೆ ಅನುಮಾನ ಪಟ್ಟವರು ಅದೊಂದನ್ನು ಕಣ್ಣು ಮುಚ್ಚಿ ನಂಬಿದ್ದರು.

ಈಗ ಸಂಡಿಗೆಯವಳ ವಿಷಯಕ್ಕೆ ಬರೋಣ. ಆಕೆ ಇರುವುದು ಸವಳು ಬಾವಿಯ ಕೇರಿಯಲ್ಲಿ. ಮೂವತ್ತು ವರ್ಷದಿಂದ ಆ ಬಾವಿಯ ನೀರಿನಲ್ಲೇ ಅಕ್ಕಿಹಿಟ್ಟು ಕಾಯಿಸಿ, ಜೀರಿಗೆ, ಮೆಣಸಿನಕಾಯಿ ಸೇರಿಸಿ, ಸಂಡಿಗೆ ಇಟ್ಟು ಊರಿಗೆಲ್ಲ ಕೊಟ್ಟವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಹಿಟ್ಟು ತೊಳಸುವಾಗ ಒಲೆಯ ಜೊತೆಗೂ ಜಗಳವಾಡುತ್ತಿದ್ದಳು. ಆಕೆಗೆ ಯಾರ ಭಯವೂ ಇರಲಿಲ್ಲ, ಒಂದು ವಿಷಯವನ್ನು ಬಿಟ್ಟರೆ.

ಆ ವಿಷಯ ಆಕೆಯ ಗಂಡ.

ಹತ್ತು ವರ್ಷದ ಹಿಂದೆ ಗಂಡನಿಗೆ ಐವತ್ತು ತುಂಬಿತು. ಅಂದು ಆಕೆ ಜ್ವರ ಬಂದು ಮಲಗಿದ್ದಳು, ಕಣ್ಮನೆಗೆ ಹೋಗಲಾಗಲಿಲ್ಲ. ಅವನೊಬ್ಬನೇ ಹೋಗಿ ಬೆರಳು ತೋರಿ ಬಂದ. ಮನೆಗೆ ಬಂದವನು ಆಕೆಯ ಕಡೆ ತಿರುಗಲಿಲ್ಲ. ಏನಾಯ್ತು ಎಂದರೆ ಉತ್ತರವಿಲ್ಲ. ಭುಜ ಹಿಡಿದು ಅಲುಗಾಡಿಸಿದರೂ ಗಾಳಿ ಬೀಸಿದಂತೆ ಸುಮ್ಮನೆ ಕೂತಿದ್ದ. ಅಂದಿನಿಂದ ಒಂದು ಮಾತಿಲ್ಲ, ಒಂದು ನೋಟವಿಲ್ಲ. ಬೆಳಿಗ್ಗೆ ಎದ್ದು ಹೊರಗೆ ಹೋಗುವನು, ಮಧ್ಯಾಹ್ನ ಬಂದು ಗೋಡೆಗೆ ಒರಗಿ ಕೂರುವನು. ಆಕೆ ತಟ್ಟೆ ಇಟ್ಟರೆ ಉಣ್ಣುವನು.

ಇದಕ್ಕೆ ಎರಡೇ ಕಾರಣ ಇರಬಹುದಿತ್ತು. ಅವನು ಮನೆಯ ದಿಕ್ಕಿಗೆ ತಿರುಗಿ ಹೆಂಡತಿಯ ಕಡೆಗೇ ಬೆರಳು ತೋರಿದ, ಅದು ತಪ್ಪಾಯಿತು, ಆಕೆ ಅವನ ಪಾಲಿಗೆ ಮುಚ್ಚಿಹೋದಳು. ಇದು ಒಂದು. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಗಂಡ ಅಂದು ಗೆದ್ದು ಹಾರ ಹಾಕಿಸಿಕೊಂಡು ಊರಬಾಗಿಲು ದಾಟಿ ಹೋಗಿದ್ದಾನೆ, ಮನೆಗೆ ಬಂದು ಮಾತಿಲ್ಲದೆ ಕೂತಿರುವುದು ಆಕೆಯ ಹೆಚ್ಚಿನದು. ಯಾರನ್ನಾದರೂ ಕೇಳೋಣವೆಂದರೆ ಕಟ್ಟಳೆ. ಇಬ್ಬರಿಗೆ ಅಡುಗೆ ಮಾಡಿದರೆ ಪಾತ್ರೆ ಖಾಲಿಯಾಗುತ್ತಿತ್ತು, ನಿಜ. ಆದರೆ ಸಿಟ್ಟು ಬಂದಾಗ ಇಬ್ಬರ ಊಟ ಒಬ್ಬಳೇ ಉಣ್ಣುವ ಹೆಂಗಸು ಅವಳು, ಸಿಟ್ಟು ದಿನಾ ಬರುತ್ತಿತ್ತು. ಬೇರೆ ರೀತಿಯಲ್ಲಿ ಪರೀಕ್ಷೆ ಮಾಡಬಹುದಿತ್ತು. ಮಾಡಲಿಲ್ಲ. ಅವನು ಇಲ್ಲವೆಂದು ಗೊತ್ತಾದರೆ ನಾಳೆ ಯಾರಿಗೆ ತಟ್ಟೆ ಇಡುವುದು ಎಂಬ ಭಯ ಆಕೆಗೆ.

ಆಕೆಗೆ ಐವತ್ತು ತುಂಬಲು ಐದು ದಿನ ಉಳಿದಿತ್ತು. ಬುರುಜಿನ ತೆರೆಯ ಮೇಲೆ ಆಕೆಯ ಕೇರಿ, ಆಕೆಯ ಕಸುಬು, ಉಳಿದ ದಿನ ಎಲ್ಲವೂ ಮೂಡಿತ್ತು. ಊರಿನವರಿಗೆ ಆಕೆ ಯಾರ ಕಡೆ ಬೆರಳು ತೋರುವಳೆಂದು ಗೊತ್ತಿದ್ದಂತಿತ್ತು. ಬಾವಿಕಟ್ಟೆಯಲ್ಲಿ ಹೆಂಗಸರು ‘ಮನಸ್ಸು ಗಟ್ಟಿ ಮಾಡ್ಕೋ ತಾಯಿ’ ಎನ್ನುತ್ತಿದ್ದರು.

‘ನನ್ನ ಮನಸ್ಸು ಗಟ್ಟಿಯಾಗೇ ಇದೆ. ನಿಮ್ಮ ಕೊಡ ಸೋರ್ತಾ ಇದೆ, ಅದನ್ನ ನೋಡ್ಕೊಳ್ಳಿ’ ಎಂದು ಬಂದಿದ್ದಳು ಆಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಅಳು ಬಂತೆಂದು ಕೆಲಸ ನಿಲ್ಲುತ್ತದೆಯೇ? ಸಂಡಿಗೆಯ ಕಾಲ. ಊರಿನ ಬಿಸಿಲಿರುವ ಜಾಗವೆಲ್ಲ ಹೆಂಗಸರ ಪಾಲಾಗಿತ್ತು. ಜಗಲಿ, ಮಾಳಿಗೆ, ಬಂಡೆ, ಗೋಡೆಯ ತಲೆ, ಎಲ್ಲೆಂದರಲ್ಲಿ ಒದ್ದೆ ಪಂಚೆ ಹಾಸಿ ಸಂಡಿಗೆ. ಒಂದು ಮೊಳ ಬಿಸಿಲಿಗೆ ಅಕ್ಕತಂಗಿಯರೇ ಮಾತು ಬಿಡುತ್ತಿದ್ದರು. ಅಂದು ಆಕೆ ಅತ್ತು ಮುಗಿಸಿ, ಹಿಟ್ಟು ಕಾಯಿಸಿ, ಪಾತ್ರೆ ಹೊತ್ತು ಹೊರಗೆ ಬರುವಷ್ಟರಲ್ಲಿ ತಡವಾಗಿತ್ತು. ಆಕೆಯ ಜಾಗದಲ್ಲಿ ಮೂರನೇ ಮನೆಯವಳು ಮೆಣಸಿನಕಾಯಿ ಹರವಿ ಕೂತಿದ್ದಳು.

ಆರಿದರೆ ಹಿಟ್ಟು ಗಂಟಾಗುತ್ತದೆ. ಆಕೆ ಇಡೀ ಊರು ಸುತ್ತಿದಳು, ಎಲ್ಲೂ ಜಾಗವಿಲ್ಲ. ಕೊನೆಗೆ ಬುರುಜಿನ ನೆರಳು ಬೀಳುವ ಬಯಲಿಗೆ ಬಂದಳು. ಬೆಳಿಗ್ಗೆಯಿಂದ ಸಂಜೆಯವರೆಗೂ ನೆರಳು ಕದಲದ ಜಾಗ ಅದು. ಅಲ್ಲಿ ಯಾರೂ ಗಿಡ ನೆಡುವುದಿಲ್ಲ, ಬಟ್ಟೆ ಹರವುವುದಿಲ್ಲ, ಕೂರುವುದೂ ಇಲ್ಲ. ‘ಒಣಗದಿದ್ರೆ ಎಮ್ಮೆಗೆ ಹಾಕ್ತೀನಿ, ಮನೆಯಲ್ಲಿ ಹಳಸೋದಕ್ಕಿಂತ ಇಲ್ಲೇ ಹಳಸ್ಲಿ’ ಎಂದು ಬೈದುಕೊಂಡು, ಗಂಡನ ಹಳೇ ಪಂಚೆ ಹಾಸಿ, ಚಮಚದಿಂದ ಸಾಲುಸಾಲಾಗಿ ಸಂಡಿಗೆ ಇಟ್ಟಳು. ನೆರಳು ತಣ್ಣಗಿತ್ತು, ಬೆನ್ನು ನಡುಗುತ್ತಿತ್ತು. ಆಕೆ ಸೆರಗು ಹೊದ್ದುಕೊಂಡು ಮನೆಗೆ ಹೋದಳು.

ಇಳಿಹೊತ್ತಿಗೆ ಪಂಚೆ ಸುತ್ತಿ ತರಲು ಹೋದವಳು ಸಂಡಿಗೆಯ ಮೇಲೆ ಬೆರಳಾಡಿಸಿದಳು. ಒಣಗಿತ್ತು. ಅರೆಬರೆ ಅಲ್ಲ, ಕಟಕಟ ಎನ್ನುವಂತೆ ಒಣಗಿತ್ತು. ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ ಎಬ್ಬಿಸಿದಳು. ಬೇಸಗೆಯ ನಡುಬಿಸಿಲಲ್ಲಿ ಒಣಗಿದ ಸಂಡಿಗೆಯಂತೆ ಒಂದೊಂದೂ ಗರಿಗರಿಯಾಗಿ ಎದ್ದು ಬಂತು.

ಸಂಡಿಗೆಯವಳು ಹಾಗೇ ಕೂತುಬಿಟ್ಟಳು. ಆಕೆಯ ತೋಳಿನ ಮೇಲೆ ಚಳಿಗೆ ರೋಮ ಎದ್ದಿತ್ತು. ತೊಡೆಯ ಮೇಲಿದ್ದ ಪಂಚೆ ಬಿಸಿಲಿಗೆ ಕಾದು ಸುಡುತ್ತಿತ್ತು.

ಮಾರನೇ ದಿನ ಎರಡು ಪಂಚೆ ತಂದಳು. ಮೂರನೇ ಮನೆಯವಳಿಗಿಂತ ಮೊದಲೇ ಎದ್ದು, ಒಂದನ್ನು ತನ್ನ ಹಳೇ ಜಾಗದ ಬಿಸಿಲಲ್ಲಿ ಹಾಸಿದಳು, ಒಂದನ್ನು ನೆರಳಲ್ಲಿ. ಒಂದೇ ಹಿಟ್ಟು, ಒಂದೇ ಚಮಚ. ಎರಡೂ ಒಟ್ಟಿಗೇ ಒಣಗಿದವು. ಮೂರನೇ ದಿನವೂ ಹಾಗೇ. ನಾಲ್ಕನೇ ದಿನ ನೆರಳಿನ ಸಂಡಿಗೆಯೇ ಸ್ವಲ್ಪ ಮೊದಲು ಒಣಗಿತು, ಬಯಲಿನಲ್ಲಿ ಗಾಳಿ ಚೆನ್ನಾಗಿತ್ತು. ಆಕೆಯ ಕಣ್ಣಿಗೆ ಹನಿ ಬಿಟ್ಟಿದ್ದರು, ಮೈಗೂ ಆ ಹನಿ ಮೋಸ ಮಾಡುತ್ತಿತ್ತು. ಆದರೆ ಸಂಡಿಗೆಗೆ ಯಾರೂ ಹನಿ ಬಿಟ್ಟಿರಲಿಲ್ಲ. ಅದಕ್ಕೆ ಬಿಸಿಲು ಬಿದ್ದರೆ ಒಣಗುವುದಷ್ಟೇ ಗೊತ್ತು.

ನೆರಳು ಇಲ್ಲ. ನೆರಳು ಇಲ್ಲವೆಂದರೆ ಬುರುಜು ಇಲ್ಲ. ಆಕೆ ಪಂಚೆಯ ಪಕ್ಕದಲ್ಲಿ ಕೂತು ಇದನ್ನು ಎರಡೆರಡು ಸಲ ಮನಸ್ಸಿನಲ್ಲೇ ಹೇಳಿಕೊಂಡಳು. ಊರೆಲ್ಲ ಬುರುಜಿನ ಬಗ್ಗೆ ಮಾತಾಡುತ್ತದಲ್ಲ, ಹಾಗಾದರೆ ಅದು ತನ್ನೊಬ್ಬಳ ಹೆಚ್ಚಿನದು ಹೇಗಾದೀತು? ಹೀಗೆ ಕೇಳಿಕೊಂಡಾಗ ಆಕೆಗೆ ಊರಿನ ತಪ್ಪು ಹೊಳೆಯಿತು. ನಿಮ್ಮ ಕಣ್ಣಿನಲ್ಲಿ ಒಂದು ಹೆಚ್ಚಿದೆ ಎಂದು ಆ ದನಿ ಹೇಳಿದ್ದು ನಿಜ. ಒಬ್ಬೊಬ್ಬರದು ಬೇರೆಬೇರೆ ಎಂದು ಅದು ಯಾವತ್ತೂ ಹೇಳಿರಲಿಲ್ಲ. ಅದನ್ನು ಊರಿನವರೇ ಸೇರಿಸಿಕೊಂಡಿದ್ದರು. ತನ್ನ ಸುಳ್ಳು ತನ್ನೊಬ್ಬನದೇ ಎಂದು ಪ್ರತಿಯೊಬ್ಬನೂ ಹೆಂಡತಿಯನ್ನೋ ಹಸುವನ್ನೋ ಅನುಮಾನಿಸುತ್ತಾ ಕೂತಿದ್ದ.

ಆಮೇಲೆ ಇನ್ನೊಂದು ಯೋಚನೆ ಬಂತು. ಹೆಚ್ಚಿನದು ಒಂದೇ, ಎರಡಲ್ಲ. ಬುರುಜು ಸುಳ್ಳಾದರೆ ಗಂಡ ನಿಜ.

ಗಂಡ ನಿಜ! ಆಕೆಗೆ ಎದ್ದು ಓಡಬೇಕೆನಿಸಿತು, ಕುಣಿಯಬೇಕೆನಿಸಿತು. ಹತ್ತು ವರ್ಷ ಇಟ್ಟ ತಟ್ಟೆ ನಿಜವಾದ ಹೊಟ್ಟೆಗೆ ಹೋಗಿತ್ತು. ಅಷ್ಟರಲ್ಲೇ ಸಂತೋಷಕ್ಕೆ ಒಂದು ಮುಳ್ಳು ಹತ್ತಿತು. ಅವನು ನಿಜವಾದರೆ ಬೆರಳು ತೋರಿದ್ದೂ ನಿಜ. ಊರವರ ಎದುರು ನಿಂತು ತನ್ನನ್ನು ಇಲ್ಲವೆಂದಿದ್ದಾನೆ. ಆಕೆ ಕುಣಿಯಲಿಲ್ಲ. ಸಂಡಿಗೆಯನ್ನು ಡಬ್ಬಿಗೆ ತುಂಬಿ ಗಟ್ಟಿಯಾಗಿ ಮುಚ್ಚಳ ಹಾಕಿದಳು.

ಐದನೇ ದಿನ ಮಧ್ಯಾಹ್ನಕ್ಕೆ ಮೊದಲೇ ಕಣ್ಮನೆಯ ಮುಂದೆ ಊರು ನೆರೆದಿತ್ತು. ಹನಿಗಾರ ಹಿತ್ತಾಳೆಯ ಗಿಂಡಿ ಹಿಡಿದು, ಬಿಳಿ ರುಮಾಲು ಸುತ್ತಿ, ಮೆಟ್ಟಿಲ ಮೇಲೆ ನಿಂತಿದ್ದ. ಒಳ್ಳೆಯ ಮನುಷ್ಯ, ಅವನ ಅಪ್ಪನೂ ಹನಿಗಾರ, ಅಜ್ಜನೂ ಹನಿಗಾರ. ಕಟ್ಟಳೆಯಂತೆ ಆಕೆಯ ಗಂಡನನ್ನೂ ಕರೆಸಿ ಮೊದಲ ಸಾಲಿನಲ್ಲಿ ನಿಲ್ಲಿಸಿದ್ದರು. ಅವನು ನೆಲ ನೋಡುತ್ತಾ ನಿಂತಿದ್ದ.

‘ಹೆಚ್ಚಿನದು ಯಾವುದು?’ ಎಂದ ಹನಿಗಾರ.

ಕಟ್ಟಳೆಯೇ ಹಾಗೆ, ಮೂರು ಸಲ ಕೇಳಬೇಕು.

‘ಹೆಚ್ಚಿನದು ಯಾವುದು?’

ಆಕೆ ಬಲಗೈಯ ತೋರುಬೆರಳು ಎತ್ತಿದಳು. ಬೆರಳು ಮೊದಲ ಸಾಲಿನ ಕಡೆ ತಿರುಗಿತು. ಗಂಡನ ಹಣೆಯ ನೇರಕ್ಕೆ ಬಂದು ಒಂದು ಗಳಿಗೆ ನಿಂತಿತು. ಅದು ನಿಂತದ್ದು ಸುಮ್ಮನೆ ಅಲ್ಲ, ಆ ಗಳಿಗೆಯಲ್ಲಿ ಆಕೆಗೆ ಅವನ ಮೇಲೆ ಅಷ್ಟು ಸಿಟ್ಟಿತ್ತು. ಸೇಡು ತೀರಿಸಿಕೊಳ್ಳಲು ಅರ್ಧ ಮೊಳ ದೂರವೂ ಇರಲಿಲ್ಲ.

‘ಹೆಚ್ಚಿನದು ಯಾವುದು?’

ಬೆರಳು ಅವನನ್ನು ದಾಟಿತು, ನೆರೆದ ಎಲ್ಲರ ತಲೆಗಳನ್ನೂ ದಾಟಿ ಮೇಲೆ ಹೋಯಿತು.

‘ಆ ಬುರುಜು’ ಎಂದಳು ಆಕೆ.

ಹನಿಗಾರ ಒಮ್ಮೆ ಬುರುಜಿನ ಕಡೆ ನೋಡಿ, ಮತ್ತೆ ಆಕೆಯ ಕಡೆ ತಿರುಗಿದ. ‘ಏನಮ್ಮಾ, ಹುಷಾರಿದೀಯಾ? ಬೆರಳು ಒಂದೇ ಸಲ ಅಂತ ಗೊತ್ತಲ್ವಾ?’

‘ಗೊತ್ತು ಸ್ವಾಮಿ. ಗಂಟೆ ಎಷ್ಟು ಸಲ ಬಾರಿಸ್ತು ಹೇಳಿ.’

ಹನಿಗಾರ ಕಿವಿ ಕೊಟ್ಟು ನಿಂತ. ಬಹಳ ಹೊತ್ತು ನಿಂತ. ಅವನ ಹಣೆಯಲ್ಲಿ ಬೆವರು ಇಳಿಯಿತು. ಒಂದು ಎಂದರೆ ಬುರುಜು ಇಲ್ಲ, ಇಲ್ಲದ ಬುರುಜಿನಲ್ಲಿ ಗಂಟೆ ಬಾರಿಸಿದ್ದು ಯಾರು ಎಂದು ಈ ಹೆಂಗಸು ಕೇಳಿಯೇ ಕೇಳುತ್ತಾಳೆ. ಎರಡು ಎಂದರೆ ಮುಚ್ಚುವ ಹನಿ ಬಿಡಬೇಕು.

‘ಬೇಗ ಹೇಳಿ ಸ್ವಾಮಿ, ಒಲೆ ಮೇಲೆ ಅನ್ನ ಇಟ್ಟು ಬಂದಿದೀನಿ’ ಎಂದಳು ಆಕೆ. ‘ಸರಿ ಅಂದ್ರೆ ನನ್ನ ಪಾಲಿಗೆ ಬುರುಜು ಇಲ್ಲ. ತಪ್ಪು ಅಂದ್ರೆ ಹನಿ ಬಿಡ್ತೀರಿ, ಆಗ್ಲೂ ಇಲ್ಲ. ನನಗೆ ಯಾವುದಾದ್ರೂ ಒಂದೇ. ನಿಮಗೆ ಯಾವುದು ಅನುಕೂಲಾನೋ ನೋಡ್ಕೊಳ್ಳಿ.’

ಹಿಂದಿನಿಂದ ಯಾರೋ ಹೆಂಗಸು ಕಿಸಕ್ಕೆಂದಳು. ಆ ನಗು ಮೂರನೇ ಮನೆಯವಳದು ಎಂದು ಆಕೆಗೆ ಗೊತ್ತಾಯಿತು, ಮೆಣಸಿನಕಾಯಿಯ ತಪ್ಪನ್ನು ಅಲ್ಲೇ ಮನ್ನಿಸಿದಳು.

‘ತಪ್ಪು! ಎರಡು ಸಲ ಬಾರಿಸ್ತು’ ಎಂದು ಹನಿಗಾರ ಕೂಗಿದ. ಅಧಿಕಾರದಲ್ಲಿ ಇರುವವರಿಗೆ ದಿಕ್ಕು ತೋಚದಿದ್ದಾಗ ಮೊದಲು ಬಾಯಿಗೆ ಬರುವ ಮಾತೇ ಅದು. ಆಕೆಯನ್ನು ಮಣೆಯ ಮೇಲೆ ಕೂರಿಸಿ, ತಲೆ ಹಿಂದಕ್ಕೆ ಬಗ್ಗಿಸಿ, ಅವಸರದಲ್ಲಿ ಗಿಂಡಿ ಬಗ್ಗಿಸಿದ. ಒಂದು ಹನಿ ಬೀಳಬೇಕಾದ ಕಡೆ ಒಂದು ಬೊಗಸೆಯಷ್ಟು ಬಿತ್ತು. ಕಣ್ಣಿನಿಂದ ಕೆನ್ನೆಗೆ, ಕೆನ್ನೆಯಿಂದ ತುಟಿಗೆ ಇಳಿಯಿತು.

ಆಕೆ ನಾಲಿಗೆಯಿಂದ ತುಟಿ ಸವರಿದಳು. ಉಪ್ಪುಪ್ಪು. ಕೊನೆಯಲ್ಲಿ ಸ್ವಲ್ಪ ಒಗರು.

ಸವಳು ಬಾವಿಯ ನೀರು!

ಆ ನೀರಿನಲ್ಲಿ ಹಿಟ್ಟು ಕಾಯಿಸಿದರೆ ಉಪ್ಪು ಅರ್ಧ ಚಮಚ ಕಡಿಮೆ ಹಾಕಬೇಕೆಂದು ಮೂವತ್ತು ವರ್ಷದಿಂದ ಬಲ್ಲ ನಾಲಿಗೆ ಅದು. ತಪ್ಪುವ ಮಾತೇ ಇಲ್ಲ. ಔಷಧಿಯಿಲ್ಲ, ಮಂತ್ರವಿಲ್ಲ, ಬೆಳಿಗ್ಗೆ ಯಾರೋ ಸೇದಿ ತಂದ ನೀರು. ಹದಿನಾರರಲ್ಲಿ ಬಿಟ್ಟದ್ದೂ ಇದೇ ನೀರು. ಇದರಿಂದ ಯಾರಿಗೂ ಏನೂ ಹೆಚ್ಚಾಗಿ ಕಂಡಿರಲಿಲ್ಲ, ಯಾರಿಗೂ ಏನೂ ಮುಚ್ಚಿಹೋಗಿರಲಿಲ್ಲ. ಅಗೋ ಬುರುಜು ಎಂದು ಹಿರಿಯರು ತೋರಿದ್ದರು, ಕಂಡಿತ್ತು, ಅಷ್ಟೇ.

ಆಕೆ ಕಣ್ಣು ತೆರೆದಳು. ಕಣ್ಮನೆಯ ಎದುರು ಬರೀ ಬಯಲು. ಬಯಲಿನ ತುಂಬಾ ಬಿಸಿಲು, ಮೇಲೆ ಆಕಾಶ, ಒಂದು ಹದ್ದು. ನೆರಳು ಎಂದುಕೊಂಡು ಅಲ್ಲಿ ನಿಂತಿದ್ದ ಜನ ಬೆವರಿನಲ್ಲಿ ತೊಯ್ದುಹೋಗಿದ್ದರು, ಆದರೂ ಸೆರಗು, ಶಾಲು ಹೊದ್ದು ನಡುಗುತ್ತಿದ್ದರು. ಆಕೆಗೆ ಅವರನ್ನು ನೋಡಿ ನಗು ಬಂತು, ಹಿಂದೆಯೇ ಅಯ್ಯೋ ಪಾಪ ಅನ್ನಿಸಿತು.

ಆಮೇಲೆ ಆಕೆಯ ಕಣ್ಣು ಗಂಡನ ಕಡೆ ಹೋಯಿತು. ಅವನು ಆಕೆಯನ್ನೇ ನೋಡುತ್ತಿದ್ದ. ಆಕೆ ನೋಡಿದ ಕೂಡಲೇ ಕಣ್ಣು ಕೆಳಗೆ ಹಾಕಿದ.

‘ನಿಮ್ಮ ಗಿಂಡೀಲಿ ಇರೋದು ಸವಳು ಬಾವಿ ನೀರು ಸ್ವಾಮಿ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಆಕೆ ಎದ್ದಳು.

‘ಅದನ್ನ ನಾನೇ ಸೇದಿ ತರ್ತೀನಿ. ಬುರುಜಿನ ಮುಂದೆ ಇಟ್ರೆ ಅದು ಹನಿ ಆಗುತ್ತೆ ಅಂತ ನಮ್ಮಪ್ಪ ಹೇಳಿದ್ರು’ ಎಂದ ಹನಿಗಾರ. ಪಾಪ, ಅವನಿಗೂ ಅಷ್ಟೇ ಗೊತ್ತಿದ್ದದ್ದು. ಅವನು ಗಿಂಡಿಯ ಒಳಗೆ ಇಣುಕಿ ನೋಡುತ್ತಾ ಮೆಟ್ಟಿಲ ಮೇಲೆ ಕೂತುಬಿಟ್ಟ.

ಆಕೆ ಬಾವಿಕಟ್ಟೆಯ ಹೆಂಗಸರ ಹತ್ತಿರ ನಿಂತು, ‘ಬಿಸಿಲಿಗೆ ಕಿತ್ತಾಡಬೇಡ್ರಮ್ಮ, ಇಲ್ಲಿ ಎಕರೆಗಟ್ಟಲೆ ಇದೆ. ನಾಲ್ಕು ದಿನದಿಂದ ನಾನು ಇಲ್ಲೇ ಒಣಗಿಸ್ತಾ ಇದೀನಿ. ನಂಬದೇ ಇದ್ರೆ ಪಂಚೆ ತಂದು ಹಾಸಿ ನೋಡಿ’ ಎಂದಳು. ಸತ್ಯಕ್ಕಾಗಿ ಅವರಲ್ಲಿ ಒಬ್ಬಳೂ ಕದಲುತ್ತಿರಲಿಲ್ಲವೋ ಏನೋ, ಆದರೆ ಒಣಗಿಸುವ ಜಾಗವೆಂದರೆ ಬೇರೆಯೇ ಮಾತು. ಮೂರನೇ ಮನೆಯವಳು ಆಗಲೇ ಪಂಚೆ ತರಲು ಹೊರಟಿದ್ದಳು.

ಮನೆಗೆ ಬಂದ ಸಂಡಿಗೆಯವಳು ಅನ್ನದ ಪಾತ್ರೆ ಇಳಿಸಿದಳು, ಸಾರು ಇಳಿಸಿದಳು. ಗಂಡ ಬಂದ. ಎಂದಿನಂತೆ ಗೋಡೆಗೆ ಒರಗಿ ಕೂತ. ಆಕೆ ಹತ್ತು ವರ್ಷದಲ್ಲಿ ಮೊದಲ ಸಲ ತಟ್ಟೆ ಇಡಲಿಲ್ಲ. ಅವನ ಎದುರಿಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತಳು.

ಹೊತ್ತು ಸರಿಯಿತು. ಅವನು ಗೋಡೆ ನೋಡಿದ, ನೆಲ ನೋಡಿದ, ತನ್ನ ಅಂಗೈ ನೋಡಿಕೊಂಡ. ಆಕೆ ಕದಲಲಿಲ್ಲ. ಕೊನೆಗೆ ಅವನು ಎದ್ದು ಅಡುಗೆಮನೆಗೆ ಹೋದ. ಒಳಗೆ ಪಾತ್ರೆಗಳ ಸದ್ದು, ಏನೋ ಬಿದ್ದ ಸದ್ದು. ಹೊರಗೆ ಬಂದಾಗ ಅವನ ಕೈಯಲ್ಲಿ ಎರಡು ತಟ್ಟೆಗಳಿದ್ದವು. ಒಂದನ್ನು ತನ್ನ ಜಾಗದಲ್ಲಿಟ್ಟ. ಇನ್ನೊಂದನ್ನು ತಡವರಿಸದೆ, ನೇರ ಆಕೆಯ ಎದುರಿಗೆ ಇಟ್ಟ.

‘ಯಾವಾಗಿಂದ?’ ಎಂದಳು ಆಕೆ.

‘ಮೊದಲನೇ ದಿನದಿಂದ’ ಎಂದ ಗಂಡ. ಮಾತಾಡಿ ಅಭ್ಯಾಸವಿಲ್ಲದ ದನಿ ಒಡೆದಿತ್ತು. ‘ಹನಿ ಬಿಟ್ರು, ಮನೆಗೆ ಬಂದೆ, ನೀನು ಕಂಬಳಿ ಹೊದ್ದು ಕೂತಿದ್ದೆ. ಎಲ್ಲಾ ಕಾಣಿಸ್ತು. ಹನಿ ನನಗೆ ಹತ್ತಿಲ್ಲ ಅನ್ಕೊಂಡೆ. ಕಾಣಿಸ್ತಾಳೆ ಅಂತ ಗೊತ್ತಾದ್ರೆ ಇನ್ನೊಂದು ಹನಿ ಬಿಡ್ತಾರೆ, ಆಗ ನಿಜವಾಗ್ಲೂ ಹೋಗ್ಬಿಡ್ತೀಯ ಅಂತ ಭಯ ಆಯ್ತು. ನಿನ್ನ ಹತ್ರ ಹೇಳಿದ್ರೆ ನೀನು ಸುಮ್ನಿರೋಳಲ್ಲ, ಊರಿಗೆಲ್ಲ ಕೇಳೋ ಹಾಗೆ ಬೈತಿದ್ದೆ. ಅದಕ್ಕೇ ಕಾಣದವನ ಥರ ಇದ್ದೆ. ಓರೆಗಣ್ಣಲ್ಲಿ ನೋಡ್ಕೊಂಡು ಇದ್ಬಿಟ್ಟೆ.’

‘ಹತ್ತು ವರ್ಷ?’

‘ಹತ್ತು ವರ್ಷ.’

‘ನನ್ನ ಕಡೆ ಯಾಕೆ ಬೆರಳು ತೋರಿಸಿದ್ರಿ?’

‘ನನಗೆ ಸಿಕ್ಕಿದ್ರಲ್ಲಿ, ಇಷ್ಟು ಒಳ್ಳೇದು ನಿಜಾನಾ ಅಂತ ನಂಬೋಕೆ ಆಗದೇ ಇದ್ದದ್ದು ನೀನೊಬ್ಬಳೇ ಕಣೇ’ ಎಂದ.

ಆಕೆಯ ಕಣ್ಣು ತುಂಬಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಇಳಿಯಬೇಕಾದ ಸಿಟ್ಟೂ ಅಲ್ಲ ಅದು. ‘ಊರವರ ಎದುರಿಗೆ ಇಲ್ಲ ಅಂದ್ರಿ. ಮನೆ ಒಳಗೆ ಗುಟ್ಟಾಗಿ ಇದ್ದಾಳೆ ಅಂದ್ರೆ ನನಗೆ ಸಾಲಲ್ಲ. ಹೊರಗೆ ಹೋಗಿ ಹೇಳಿ’ ಎಂದಳು.

‘ಕಟ್ಟಳೆ...’

‘ಕಟ್ಟಳೆಗೆ ನಾನು ಸಾರು ಬಡಿಸಿಲ್ಲ ಹತ್ತು ವರ್ಷ. ಎದ್ದೇಳಿ.’

ಅವನು ಎದ್ದ. ಹೊಸಿಲು ದಾಟುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡ. ಜಗಲಿಗೆ ಬಂದು ನಿಂತ. ನಡುಮಧ್ಯಾಹ್ನದ ಕೇರಿ, ಕಣ್ಮನೆಯಿಂದ ಬಂದ ಜನ ಗುಂಪುಗುಂಪಾಗಿ ನಿಂತು ಬುರುಜಿನ ಕಡೆಗೂ ಸಂಡಿಗೆಯವಳ ಮನೆಯ ಕಡೆಗೂ ನೋಡುತ್ತಿದ್ದರು.

‘ನನ್ನ ಹೆಂಡತಿ ಕಾಣಿಸ್ತಾಳೆ’ ಎಂದ ಅವನು. ದನಿ ಸಾಲದೆಂದು ಗೊತ್ತಾಗಿ ಇನ್ನೊಮ್ಮೆ ಕೂಗಿದ. ‘ನನ್ನ ಹೆಂಡತಿ ನನಗೆ ಕಾಣಿಸ್ತಾಳೆ! ಯಾವತ್ತೂ ಕಾಣದೇ ಇರ್ಲಿಲ್ಲ!’

ಯಾರಾದರೂ ಬೈಯುತ್ತಾರೆ, ಯಾರಾದರೂ ಹನಿಗಾರನನ್ನು ಕರೆಯುತ್ತಾರೆ ಎಂದು ಅವನು ಹೆಗಲು ಕುಗ್ಗಿಸಿ ಕಾದ. ಯಾರೂ ಕರೆಯಲಿಲ್ಲ. ಕೇರಿಯ ಆ ತುದಿಯಲ್ಲಿ ಒಬ್ಬ ಗಂಡಸು ತಲೆಯ ಮೇಲಿದ್ದ ಮೂಟೆಯನ್ನು ನೆಲಕ್ಕೆ ಹಾಕಿದ. ತನ್ನ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಮುದುಕಿಯ ಮುಂದೆ ಹೋಗಿ ನಿಂತ. ಎಷ್ಟು ವರ್ಷದಿಂದ ಆ ಮುದುಕಿಯನ್ನು ದಾಟಿಕೊಂಡು ಹೋಗುತ್ತಿದ್ದನೋ ಏನೋ. ‘ಅವ್ವಾ’ ಎಂದ. ಮುದುಕಿ ಅವನ ಕೆನ್ನೆಗೆ ಒಂದು ಬಾರಿಸಿದಳು, ಆಮೇಲೆ ಅದೇ ಕೈಯಿಂದ ಅವನ ತಲೆ ಹಿಡಿದುಕೊಂಡಳು.

ಅಲ್ಲಿಂದ ಅದು ಮನೆಯಿಂದ ಮನೆಗೆ ಹೋಯಿತು. ಅಣ್ಣಾ ಎಂದು ಒಬ್ಬ ಕೂಗಿದ, ಮಗಳೇ ಎಂದು ಒಬ್ಬಳು ಕೂಗಿದಳು. ಒಬ್ಬ ಬೇವಿನ ಮರವನ್ನು ತಬ್ಬಿಕೊಂಡು ಅತ್ತ. ಪಕ್ಕದ ಕೇರಿಯಲ್ಲಿ, ಅದರಾಚೆಯ ಕೇರಿಯಲ್ಲಿ ಬಾಗಿಲುಗಳು ಧಡಧಡ ತೆರೆದುಕೊಂಡವು. ಊರಿನಲ್ಲಿ ಒಬ್ಬರಿಗೂ ಯಾವತ್ತೂ ಏನೂ ಮುಚ್ಚಿಹೋಗಿರಲಿಲ್ಲ. ಎಲ್ಲರಿಗೂ ಎಲ್ಲವೂ ಕಾಣುತ್ತಲೇ ಇತ್ತು, ಕಾಣುತ್ತದೆ ಎಂದು ಇನ್ನೊಬ್ಬರು ಮೊದಲು ಹೇಳಲೆಂದು ಕಾದಿದ್ದರು.

ಗಂಡ ಜಗಲಿಯಲ್ಲೇ ನಿಂತಿದ್ದ. ಒಳಗೆ ಹೋಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

‘ರೀ, ಅನ್ನ ಆರ್ತಾ ಇದೆ’ ಎಂದಳು ಆಕೆ ಹೊಸಿಲಲ್ಲಿ ನಿಂತು.

ಅವನು ತಿರುಗಿದ. ಓರೆಗಣ್ಣಲ್ಲಿ ಅಲ್ಲ, ಕದ್ದು ಅಲ್ಲ, ಮುಖವೆತ್ತಿ ಆಕೆಯನ್ನು ನೋಡಿದ. ನೋಡುತ್ತಲೇ ಇದ್ದ. ಹನಿಗಾರನ ಬೆವರಿಳಿಸಿ ಬಂದ ಹೆಂಗಸಿಗೆ ತನ್ನ ಮುಖವನ್ನು ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ. ಸೆರಗು ಸರಿಮಾಡಿಕೊಂಡಳು, ಹಣೆಯ ಕೂದಲು ಹಿಂದಕ್ಕೆ ತಳ್ಳಿದಳು.

‘ಹಾಗೇನು ನೋಡ್ತೀರಿ?’ ಎಂದಳು. ‘ನರೆ ಬಂದಿದೆಯಾ?’

‘ಬಂದಿದೆ’ ಎಂದ ಗಂಡ.

‘ಬಹಳಾನಾ?’

‘ಬಹಳ. ಇಲ್ಲಿ, ಕಿವಿ ಮೇಲೆ. ಇಲ್ಲೂ.’

‘ಇನ್ನೇನು ಕಾಣಿಸುತ್ತೆ, ಹೇಳಿ’ ಎಂದು ಆಕೆ ಹೊಸಿಲ ಮೇಲೆ ಕೂತಳು, ಅವನಿಗೂ ಜಾಗ ಬಿಟ್ಟಳು. ಒಳಗೆ ಅನ್ನ ಆರಿಹೋಯಿತು.